ಅಣ್ಣನ ಕೆಳಗಿನ ಗೆರೆ

ಆ ಶನಿವಾರ ಮನೆಯೊಡತಿ ಬೆಳಿಗ್ಗೆಯಿಂದ ಕೂತಲ್ಲಿ ಕೂರಲಿಲ್ಲ. ಕಿಟಕಿಗೆ ಹೋಗುವುದು, ಬೀದಿ ನೋಡುವುದು, ಮತ್ತೆ ಅಡುಗೆಮನೆಗೆ ಬಂದು ಒರೆಸಿದ ಮೇಜನ್ನೇ ಒರೆಸುವುದು. ಅವರನ್ನು ನೋಡಿ ನೋಡಿ ನನಗೂ ಕಾಲು ನಿಲ್ಲದಂತಾಗಿತ್ತು.

ಹಾಲೆಂಡಿನ ಹಾರ್ಲೆಮ್‌ನಲ್ಲಿ ನಾನು ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದೆ. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ದಿನಾಂಕ ಮರೆತು ಕೆಡುತ್ತವೆ ಎಂದು ಲೋಕವೇ ಹೆದರಿದ್ದ ಕಾಲ. ಆ ಭಯವೇ ನನ್ನನ್ನು ಕುಂದಾಪುರದಿಂದ ಅಲ್ಲಿಗೆ ಕರೆತಂದು ಅನ್ನ ಹಾಕುತ್ತಿತ್ತು. ಮನೆಯೊಡತಿ ಇಂಗ್ಲೆಂಡಿನವರು, ಡಚ್ ಗಂಡನನ್ನು ಕಟ್ಟಿಕೊಂಡು ಬಂದು ಈಗ ವಿಧವೆಯಾಗಿದ್ದವರು. ಒಬ್ಬಳೇ ಮಗಳು, ಅದೇ ಊರಿನ ಶಾಲೆಯಲ್ಲಿ ಟೀಚರ್.

ಅಂದು ಬರಬೇಕಾಗಿದ್ದವರು ಅವರ ಅಣ್ಣ. ಇಂಗ್ಲೆಂಡಿನ ಪಾರ್ಲಿಮೆಂಟಿನಲ್ಲಿ ಬಹುಕಾಲ ಕೂತವರು, ಅಲ್ಲಿಯ ಒಂದು ಊರಿನ ಸುತ್ತಲ ಜಮೀನಿಗೆಲ್ಲ ಒಡೆಯರು, ಮಕ್ಕಳಿಲ್ಲದವರು. ಅವರ ಕಲ್ಲಿನ ದೊಡ್ಡಮನೆಯ ಫೋಟೋ ನಮ್ಮ ಮೆಟ್ಟಿಲ ಪಕ್ಕದಲ್ಲಿ ತೂಗುತ್ತಿತ್ತು. ಮನೆಯೊಡತಿ ಹುಟ್ಟಿದ್ದೂ ಅಲ್ಲೇ.

"ನಂಗೇನೂ ಬೇಡ. ಮಗಳಿಗೆ ಆ ಮನೆ ಬಂದ್ರೆ ಸಾಕು. ಅಣ್ಣ ಒಂದು ಮಾತು ಅಂದ್ರೆ ಆಯ್ತು," ಎಂದು ನನ್ನೆದುರು ಎಷ್ಟೋ ಸಲ ಹೇಳಿದ್ದರು. ಅಣ್ಣನೆದುರು ಮಾತ್ರ ಒಮ್ಮೆಯೂ ಬಾಯಿಬಿಟ್ಟವರಲ್ಲ.

ಆ ಮನೆ ಯಾರಿಂದ ಯಾರಿಗೆ ಬಂತೆಂಬ ವಂಶವೃಕ್ಷವನ್ನು ಬರೆಸಿ, ಗಾಜು ಹಾಕಿಸಿ ಊರ ಚರ್ಚಿನಲ್ಲಿ ತೂಗಿಸುವ ಆಸೆ ಅಣ್ಣನಿಗೆ. ಕೈಬರಹದ ಹಾಳೆಗಳನ್ನು ಫ್ಯಾಕ್ಸ್ ಮಾಡಿದ್ದರು. ಕಂಪ್ಯೂಟರ್ ಇದ್ದದ್ದು ನನ್ನ ಬಳಿ, ಹಾಗಾಗಿ ಕೆಲಸ ನನ್ನ ಕೊರಳಿಗೆ ಬಿತ್ತು. ಕೊನೆಯ ಹಾಳೆಯ ಕೆಳತುದಿ ಬರೀ ಮಸಿ. ಅಣ್ಣನ ಹೆಸರಾದ ಮೇಲೆ ಒಂದಕ್ಷರವೂ ಕಾಣುತ್ತಿರಲಿಲ್ಲ. ಕೇಳಬಹುದಿತ್ತು. ಕೇಳುವುದೇನಿದೆ ಅನಿಸಿತು. ನಮ್ಮದು ಅಳಿಯಸಂತಾನ. ಸೋದರಮಾವನ ನಂತರ ಮನೆ ಅವನ ತಂಗಿಯ ಮಕ್ಕಳದ್ದು. ಇದನ್ನು ನನಗೆ ಯಾರೂ ಕೂರಿಸಿ ಕಲಿಸಿರಲಿಲ್ಲ, ಮನೆಯ ಬಾವಿ ಎಲ್ಲಿದೆ ಎಂದು ಕಲಿಸದ ಹಾಗೆ. ಇವರಲ್ಲಿ ಅಲ್ಲಿಯತನಕ ತಂದೆಯಿಂದ ಮಗನಿಗೆ ಹೋಗಿತ್ತು, ನಿಜ. ಮಗನೇ ಇಲ್ಲದಾಗ ತಂಗಿಯ ಕಡೆಗಲ್ಲದೆ ಇನ್ನೆಲ್ಲಿಗೆ ಹೋದೀತು? ಅಣ್ಣನಿಂದ ತಂಗಿಗೆ, ತಂಗಿಯಿಂದ ಮಗಳಿಗೆ ಗೆರೆ ಎಳೆದು, ಪ್ರಿಂಟ್ ತೆಗೆದು ಸುರುಳಿ ಸುತ್ತಿಟ್ಟೆ. "ಅಣ್ಣನೇ ಮೊದ್ಲು ಬಿಚ್ಚಲಿ," ಎಂದು ಮನೆಯೊಡತಿ ಅದನ್ನು ಮುಟ್ಟಲಿಲ್ಲ.

ಅಣ್ಣ ಬಂದರು, ಚಹಾ ಕುಡಿದರು, ಸುರುಳಿ ಬಿಚ್ಚಿದರು. ಬೆರಳಿಟ್ಟು ಮೇಲಿನಿಂದ ಓದುತ್ತಾ ಬಂದವರು ಕೊನೆಯಲ್ಲಿ ನಿಂತರು.

"ಇಲ್ಲೊಂದು ತಪ್ಪಾಗಿದೆ. ನನ್ನ ನಂತರ ಮನೆ ನಮ್ಮ ಚಿಕ್ಕಪ್ಪನ ಮೊಮ್ಮಗನಿಗೆ. ಹೋದ ವರ್ಷವೇ ಪತ್ರ ಆಯ್ತಲ್ಲ."

ತಂಗಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟರು. "ನನ್ನನ್ನ ಒಂದು ಮಾತು ಕೇಳಬಹುದಿತ್ತು."

"ಇದರಲ್ಲಿ ಕೇಳೋದೇನಿದೆ? ಮೊದಲಿಂದ ಹೀಗೇ ಅಲ್ವಾ?"

ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ. ಅದೇ ನನ್ನನ್ನು ಹೆಚ್ಚು ಕೆರಳಿಸಿತು. ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ.

"ನಮ್ಮಲ್ಲಾದ್ರೆ ಮಾವನ ಮನೆ ತಂಗಿ ಮಕ್ಕಳಿಗೇ ಬರೋದು," ಅಂದೆ.

"ಹೌದಾ?" ಅವರಿಗೆ ನಿಜವಾಗಿಯೂ ಕುತೂಹಲ. "ಹಾಗಾದ್ರೆ ಮಾವನ ಸ್ವಂತ ಮಕ್ಕಳು?"

"ಅವರಿಗೆ ಅವರ ತಾಯಿಮನೆ ಇರತ್ತೆ."

"ಅವರನ್ನ ಕೇಳ್ತೀರಾ?"

ಜನರೆದುರು ನಿಂತು ವಾದ ಗೆದ್ದು ಪಳಗಿದ ಮನುಷ್ಯ. ಸರಿಮಾಡಿ ತರುತ್ತೇನೆಂದು ಮಹಡಿ ಹತ್ತಿದೆ. ಹಿಂದೆಯೇ ಮನೆಯೊಡತಿ ಬಂದು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತರು. ಮಗಳ ಹೆಸರು ಅಳಿಸಿ, ಅಣ್ಣನ ಕೆಳಗೆ ಆ ಮೊಮ್ಮಗನದ್ದು ಸೇರಿಸಿದೆ.

"ನನ್ನದೂ ತೆಗೆದುಬಿಡು," ಅಂದರು. "ಮನೆ ಯಾರಿಗೆ ಹೋಯ್ತು ಅಂತ ತಾನೇ ಬರೀತಿರೋದು."

ತೆಗೆದೆ. ಅಣ್ಣ ಹೊಸ ಹಾಳೆ ನೋಡಿ ಅಚ್ಚುಕಟ್ಟಾಗಿದೆ ಎಂದು ಹೊಗಳಿ, ತಂಗಿಯ ಕೆನ್ನೆಗೆ ಮುತ್ತಿಟ್ಟು ರೈಲಿಗೆ ಹೊರಟರು.

ಮರುದಿನ ಬೆಳಿಗ್ಗೆ ನದಿಯ ದಂಡೆಯಲ್ಲಿ ಎರಡು ಸುತ್ತು ನಡೆದರೂ ಸಮಾಧಾನವಿಲ್ಲ. ಮಾವನ ಮಗಳೇ ಕಣ್ಣಮುಂದೆ. ಕುಂದಾಪುರದ ಆ ಮನೆಯಲ್ಲೇ ಹುಟ್ಟಿದವಳು, ನನ್ನ ಓರಗೆಯವಳು. ಮಾವನ ಕೈ ನಡುಗತೊಡಗಿದ ಮೇಲೆ ಅವರಿಗೆ ಉಣಿಸುವವಳು ಅವಳೇ, ಅವರ ಪರವಾಗಿ ನನಗೆ ಕಾಗದ ಬರೆಯುವವಳೂ ಅವಳೇ. ಅವಳ ತಾಯಿಮನೆ ಅನ್ನುವ ಕಡೆಗೆ ಅವಳು ಮದುವೆಮುಂಜಿಗೆಂದು ನಾಲ್ಕೈದು ಸಲ ಹೋಗಿದ್ದಿರಬಹುದು. ಆ ಮನೆ ನನ್ನದು ಎಂದು ನಾನು ಹುಟ್ಟಿದಂದಿನಿಂದ ನಂಬಿದ್ದೆ, ಅವಳೆದುರೇ ನೂರು ಸಲ ಹೇಳಿಯೂ ಇದ್ದೆ. ಅವಳು ನಗುತ್ತಿದ್ದಳು.

ಕೋಣೆಗೆ ಬಂದು ಅಮ್ಮನಿಗೆ ಫೋನ್ ಮಾಡಿದೆ. ಮಾವನ ನಂತರ ಅವಳ ಗತಿಯೇನು, ಅವಳನ್ನು ಯಾರಾದರೂ ಕೇಳಿದ್ದೀರಾ ಅಂದೆ. ಅಮ್ಮನಿಗೆ ಮಗಳ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು.

"ಅವ್ಳಿಗೆ ಅವ್ಳ ಅಬ್ಬಿ ಮನಿ ಇಲ್ಯಾ? ಅದ್ರಗೆ ಕೇಂಬುಕೆ ಎಂತ ಇತ್ತ್, ಹೆಣೆ?"

ತಾಯಿಮನೆಯಿದೆ, ಕೇಳುವುದೇನಿದೆ ಎಂಬ ಅದೇ ಮಾತು. ಫೋನ್ ಇಟ್ಟೆ. ಕೆಳಗೆ ಕಪ್ಪುಗಳನ್ನು ಸರಿಸುವ ಸದ್ದು. ಮನೆಯೊಡತಿ ಒರೆಸಿದ ಮೇಜನ್ನೇ ಮತ್ತೆ ಒರೆಸುತ್ತಿರಬೇಕು. ಇಳಿದುಹೋಗಿ ಅವರೆದುರು ನಿಲ್ಲಲು ನನಗೆ ಮುಖವಿರಲಿಲ್ಲ.