ದನಿಗಳ ನಡುವೆ ದಿಕ್ಕು ತೋಚದ ಹೆಡ್‌ಫೋನ್ ಅಕ್ಕ

ಬೀದಿಯಲ್ಲಿ ಇನ್ನೂ ವಾಹನಗಳ ಸದ್ದಿಲ್ಲ. ಹಳೆಯ ಕಟ್ಟಡದ ಎರಡನೇ ಮಹಡಿಯ ಪುಟ್ಟ ಕೋಣೆಯಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಕಣ್ಣು ಮುಚ್ಚಿ ಕೂತಿದ್ದಾರೆ. ನಿದ್ದೆಯಲ್ಲ, ಕೆಲಸ. ದೃಷ್ಟಿಯಿಲ್ಲದವರಿಗಾಗಿ ಸ್ವಯಂಸೇವಕರು ಓದಿ ರೆಕಾರ್ಡ್ ಮಾಡಿದ ಪುಸ್ತಕಗಳನ್ನು ಕೇಳಿ, ಬೇಡದ ಸದ್ದು ಅಳಿಸಿ, ತಪ್ಪು ತಿದ್ದುತ್ತಾರೆ. ಎಲ್ಲರ ಬಾಯಲ್ಲೂ ಇವರು 'ಹೆಡ್‌ಫೋನ್ ಅಕ್ಕ'.

"ಯಾರಿಗೆ ಶೀತ, ಯಾರ ಮನೇಲಿ ಜಗಳ, ಓದೋದ್ರಲ್ಲೇ ಗೊತ್ತಾಗುತ್ತೆ" ಎಂದು ನಗುತ್ತಾರೆ.

ಹೋದ ವರ್ಷ ಸಂಸ್ಥೆ ಕಟ್ಟಿದ ಹಿರಿಯರು ಕಾಯಿಲೆ ಬಿದ್ದು ಮನೆ ಸೇರಿದರು. ಸಮಿತಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಹೊಣೆಯನ್ನು ಅಕ್ಕನ ತಲೆಗೆ ಕಟ್ಟಿದರು. "ದಿನಾ ಬೀಗ ತೆಗೆಯೋಳು ನಾನೇ ತಾನೇ, ಅದಕ್ಕೆ ಯಜಮಾನಿಕೆನೂ ನನಗೇ!" ಅದರ ಬೆನ್ನಿಗೇ ಯಂತ್ರ ಬಂತು. ಯಾವ ಪುಸ್ತಕ ಕೊಟ್ಟರೂ ಕೂತಲ್ಲೇ ಪಟಪಟ ಓದಿ ಮುಗಿಸುವ ಯಂತ್ರ.

ಕೇಳುಗರದೂ ಒಂದೇ ಮಾತಿಲ್ಲ. ಪರೀಕ್ಷೆಗೆ ಕೂರಲಿರುವ ಟೆಲಿಫೋನ್ ಆಪರೇಟರ್ ಹುಡುಗಿ, "ನಂಗೆ ಯಂತ್ರಾನೇ ಬೇಕಕ್ಕ. ನಿಮ್ಮವರು ಓದಿ ಮುಗಿಸೋಷ್ಟ್ರಲ್ಲಿ ಪರೀಕ್ಷೆನೇ ಮುಗಿದಿರುತ್ತೆ" ಎನ್ನುತ್ತಾಳೆ. ಬಾಗಿಲವರೆಗೆ ಹೋದವಳು ತಿರುಗಿ, "ಕಥೆ ಮಾತ್ರ ಮನುಷ್ಯರೇ ಓದ್ಲಿ. ಯಾರಾದ್ರೂ ಸಾಯೋ ಮುಂಚೆ ಮೇಷ್ಟ್ರು ಒಂದ್ಸಲ ಕೆಮ್ತಾರೆ, ನಾವು ಎದೆ ಗಟ್ಟಿ ಮಾಡ್ಕೋಬಹುದು" ಎಂದು ಸೇರಿಸುತ್ತಾಳೆ.

ಮೇಷ್ಟ್ರೆಂದರೆ ನಿವೃತ್ತ ಶಿಕ್ಷಕರು, ಸಂಸ್ಥೆಯ ಮೊದಲ ಓದುಗರು. ಯಂತ್ರಕ್ಕೆ ಓದು ಒಪ್ಪಿಸಿದರೆಂದು ಅವರು ಮುನಿದು ಎದ್ದರೆ ಉಳಿದ ಸ್ವಯಂಸೇವಕರೂ ಅವರ ಹಿಂದೆಯೇ. ಯಂತ್ರ ಬೇಡವೆಂದರೆ ಕೇಳುಗರು ಬೇರೆ ದಾರಿ ಹಿಡಿಯುತ್ತಾರೆ. ಹೇಗಿದ್ದರೂ ಸಂಸ್ಥೆ ಬಾಗಿಲು ಹಾಕಬೇಕಾದೀತು. ಸಮಿತಿಯೋ 'ನೀವೇ ನೋಡ್ಕೊಳ್ಳಿ' ಎಂದು ಕೈತೊಳೆದುಕೊಂಡಿದೆ. ಅಕ್ಕನದು ಅತ್ತ ದರಿ, ಇತ್ತ ಪುಲಿ.

"ಮಲಗೋವಾಗ ಒಂದು ನಿರ್ಧಾರ, ಹಲ್ಲುಜ್ಜೋವಾಗ ಇನ್ನೊಂದು. ನಮ್ಮೆಜಮಾನ್ರು 'ನಾಣ್ಯ ಎಸೆದು ನೋಡು' ಅಂದ್ರು. ಎಸೆದೆ ಕಣ್ರೀ, ಸೋಫಾ ಕೆಳಗೆ ಹೋಯ್ತು!"

ಮೇಷ್ಟ್ರು ಎಂದಿನಂತೆ ಹೆಂಡತಿಯ ತೋಳು ಹಿಡಿದು ಬರುತ್ತಾರೆ. ಅಕ್ಕ ಹೆಡ್‌ಫೋನ್ ಕಳಚಿಟ್ಟು, "ಮೇಷ್ಟ್ರೇ, ಇನ್ಮುಂದೆ ಪಾಠದ ಪುಸ್ತಕ ಎಲ್ಲ ಯಂತ್ರಾನೇ ಓದ್ಲಿ ಅಂತ..." ಎಂದು ಅರ್ಧಕ್ಕೇ ನಿಲ್ಲಿಸುತ್ತಾರೆ. ಮೇಷ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಳ್ಳುತ್ತಾರೆ.

"ಅಬ್ಬಾ, ಕೊನೆಗೂ ಹೇಳಿದ್ಯಲ್ಲ ತಾಯಿ. ನಂಗೆ ಎಷ್ಟೋ ತಿಂಗಳಿಂದ ಅಕ್ಷರಾನೇ ಕಾಣ್ತಿಲ್ಲ. ಇವಳು ಪಕ್ಕದಲ್ಲಿ ಕೂತು ಪಿಸುಗುಡ್ತಾಳೆ, ನಾನು ಮೈಕಿಗೆ ಹೇಳ್ತೀನಿ. ನಾನು ಬಿಟ್ರೆ ಎಲ್ರೂ ಬಿಡ್ತಾರೇಂತ ಬಾಯ್ಬಿಡ್ಲಿಲ್ಲ. ಉಳಿದವ್ರಿಗೆ ನಾನೇ ತಿಳಿಸಿ ಹೇಳ್ತೀನಿ. ನನ್ನನ್ನ ಕೇಳೋರ ಕಡೆ ಸೇರಿಸ್ಕೋ."

ಅಕ್ಕನಿಗೆ ನಗಬೇಕೋ ಅಳಬೇಕೋ ತಿಳಿಯುವುದಿಲ್ಲ. "ಅಯ್ಯೋ, ಆ ಪಿಸುಮಾತನ್ನ ಫ್ಯಾನ್ ಸದ್ದು ಅಂದ್ಕೊಂಡು ನಾನು ದಿನಾ ಅಳಿಸ್ತಿದ್ನಲ್ಲ!" ಎಂದು ಮೇಷ್ಟ್ರ ಹೆಂಡತಿಯ ಕೈ ಹಿಡಿಯುತ್ತಾರೆ. ಕಣ್ಣು ತುಂಬಿ ಬರುತ್ತದೆ. ಮೈಕನ್ನು ಆಕೆಯ ಮುಂದೆ ಸರಿಸಿ, ಕಥೆ ಪುಸ್ತಕವೊಂದನ್ನು ಬಿಡಿಸಿಡುತ್ತಾರೆ. ಆಕೆ ನಾಚುತ್ತಾ ಓದಲು ತೊಡಗುತ್ತಾರೆ, ಮೇಷ್ಟ್ರು ಕಿವಿಗೊಟ್ಟು ಕೂರುತ್ತಾರೆ.

"ನಾನು ಮಾಡಿದ್ದು ಸರಿಯೋ ತಪ್ಪೋ, ಈಗ್ಲೂ ಗೊತ್ತಿಲ್ಲ" ಎನ್ನುತ್ತಾರೆ ಅಕ್ಕ, ಹೆಡ್‌ಫೋನ್ ಏರಿಸಿಕೊಳ್ಳುತ್ತಾ. "ಈ ಅಮ್ಮನ ದನೀಲಿ ಒಂದು ಪುಸ್ತಕ ಪೂರ್ತಿ ಆಗ್ಲಿ. ಸದ್ಯಕ್ಕೆ ಅಷ್ಟೇ ನನ್ನಾಸೆ."