ಒಗೆಯುವ ಕಲ್ಲಿನ ಚಿತ್ರ

ನನ್ನ ಸೋದರತ್ತೆ ಮಂಗಳಗೌರಿ ಎಂದರೆ ನನಗೆ ಹುಚ್ಚು ಅಭಿಮಾನ. ನಂಜನಗೂಡು ತಾಲ್ಲೂಕಿನಲ್ಲಿ ಅಂಗವಿಕಲರ ಮನೆಮನೆಗೆ ಸ್ಕೂಟಿಯಲ್ಲಿ ಹೋಗಿ, ಮಾತು ಬಾರದವರಿಗೆ ಚಿತ್ರಗಳಿಂದ ಮಾತಾಡುವುದನ್ನು ಕಲಿಸುತ್ತಾರೆ. ಅನ್ನ, ನೀರು, ಮನೆಯವರ ಫೋಟೊ, ಎಲ್ಲವನ್ನೂ ಒಂದೇ ಬೋರ್ಡಿಗೆ ಅಂಟಿಸಿ ಲ್ಯಾಮಿನೇಟ್ ಮಾಡಿಸಿ ಕೊಡುತ್ತಾರೆ. ಕಾಲೇಜಿಗೆ ರಜಾ ಸಿಕ್ಕ ಕೂಡಲೇ ನಾನು ಹಿಂದಿನ ಸೀಟು ಹತ್ತಿಬಿಟ್ಟೆ!

ಹುಲ್ಲಹಳ್ಳಿಯ ನಂಜೇಶನಿಗೆ ಇಪ್ಪತ್ತೆರಡು ವರ್ಷ. ಕೈಕಾಲು ಸ್ವಾಧೀನವಿಲ್ಲ, ಮಾತಿಲ್ಲ. ಬಲಗೈಯ ಒಂದು ಬೆರಳು ಮಾತ್ರ ಅವನು ಹೇಳಿದಂತೆ ಕೇಳುತ್ತದೆ. ಹೌದು ಅನ್ನಲು ಕಣ್ಣು ಮೇಲೆತ್ತುತ್ತಾನೆ, ಇಲ್ಲ ಅನ್ನಲು ಮುಚ್ಚುತ್ತಾನೆ. ನಾವು ಹೋದ ದಿನ ಆ ಬೆರಳು ಅತ್ತೆ ಕೊಟ್ಟಿದ್ದ ಬೋರ್ಡಿನಲ್ಲಿ ಬಟ್ಟೆ ಒಗೆಯುವ ಚಿತ್ರವನ್ನು ಕುಟ್ಟಿತು, ಆಮೇಲೆ ಚಿಕ್ಕಪ್ಪ ಸಿದ್ದರಾಜುವಿನ ಫೋಟೊವನ್ನು.

"ತಿಂಗ್ಳಿಂದ ಇದೇ ಗೋಳು ಕಣವ್ವ," ಎಂದರು ತಾಯಿ ಕೆಂಪಾಜಮ್ಮ. "ಚಿಕ್ಕಪ್ಪನ ಬಟ್ಟೆ ಒಗಿ ಅಂತಾನೆ. ದಿನಾ ಒಗ್ದು ಒಗ್ದು ಅವನ ಪ್ಯಾಂಟೇ ಅರ್ದೋಯ್ತು."

ನಾನು ನಕ್ಕೆ. ಅತ್ತೆ ನಗಲಿಲ್ಲ, ನಂಜೇಶನ ಮುಂದೆ ಕುಕ್ಕರಗಾಲಲ್ಲಿ ಕೂತರು.

"ಬಟ್ಟೆನೇನಪ್ಪಾ?" ಕಣ್ಣು ಮುಚ್ಚಿದ. "ನೀರಾ?" ಮುಚ್ಚಿದ. ಚಿತ್ರದ ಹೆಂಗಸು ಬಟ್ಟೆಯನ್ನು ತಲೆಯ ಮೇಲಕ್ಕೆತ್ತಿ ಕಲ್ಲಿಗೆ ಬಡಿಯುತ್ತಿದ್ದಳು. "ಬಡಿಯೋದಾ?"

ಕಣ್ಣು ಸೂರಿಗೆ ನೆಟ್ಟಿತು.

"ಯಾರ್ಗಪ್ಪಾ?" ಬೆರಳು ಸರಿದು ಹೋಗಿ ಅವನದೇ ಫೋಟೊದ ಮೇಲೆ ಬಿತ್ತು.

ತಂದೆ ಇಲ್ಲದ ಮನೆ. ಬೆಳೆದ ಮಗನ ಮೈಯನ್ನು ತಾಯಿ ತೊಳೆಯಬಾರದು ಅಂತ ಸ್ನಾನ ಮಾಡಿಸಿ ಬಟ್ಟೆ ತೊಡಿಸುತ್ತಿದ್ದವನು ಸಿದ್ದರಾಜುವೇ. ಅತ್ತೆ ಅಂಗಿ ಎತ್ತಿದರು. ಬೆನ್ನ ತುಂಬ ಬೆಲ್ಟಿನ ಬಾಸುಂಡೆ. ಕೆಲವು ಹಳದಿಗೆ ತಿರುಗಿದ್ದವು, ಕೆಲವು ಇನ್ನೂ ಒಸರುತ್ತಿದ್ದವು.

ಕೊಟ್ಟಿಗೆಯಿಂದ ಸಿದ್ದರಾಜು ನುಗ್ಗಿ ಬಂದ. "ನಾಕು ಚಿತ್ರ ಅಂಟಿಸ್ಕೊಟ್ಟು ಮನೆ ಒಡಿಯಾಕ್ ಬಂದಿದ್ದೀಯೇನಮ್ಮಿ?" ಬೋರ್ಡ್ ಕಿತ್ತು ಮೊಣಕಾಲಿಗೆ ಬಡಿದು ಮುರಿದ, ವೀಲ್‌ಚೇರಿಗೆ ಒದ್ದ. ಕುರ್ಚಿ ಉರುಳಿ ನಂಜೇಶನ ಹಣೆ ಹೊಸ್ತಿಲಿಗೆ ಅಪ್ಪಳಿಸಿತು. "ಈಗ ಮಾತಾಡ್ಲಾ!" ಎಂದು ಬೆಲ್ಟ್ ಬಿಚ್ಚಿದ.

ಕೆಂಪಾಜಮ್ಮ ಒಲೆಯಿಂದ ಉರಿಯುವ ಸೌದೆ ಎಳೆದು ಅವನ ಮಣಿಕಟ್ಟಿಗೆ ಬಾರಿಸಿದರು. ಚರ್ಮ ಸುಟ್ಟ ವಾಸನೆ ಬಂತು. "ನಿನ್ ಪ್ಯಾಂಟ್ ಒಗ್ದ್ನಲ್ಲೋ, ನನ್ ಕೈ ಸೇದೋಗ!" ಮತ್ತೆ ಬಾರಿಸಿದರು, ಮತ್ತೆ. ಅಕ್ಕಪಕ್ಕದವರು ಓಡಿ ಬಂದು ಸಿದ್ದರಾಜುವನ್ನು ಕಂಬಕ್ಕೆ ಒತ್ತಿ ಹಿಡಿದರು, ನಂಜೇಶನನ್ನು ಎತ್ತಿ ಕೂರಿಸಿದರು.

ಅತ್ತೆ ಫೋನ್ ಮಾಡಿ ಕರೆಸಿದ ಪೊಲೀಸ್ ಪೇದೆ ಬಂದವರೇ ತಲೆ ಕೆರೆದುಕೊಂಡರು. "ಮಾತೇ ಬರಲ್ವಲ್ಲಮ್ಮ, ಹೇಳ್ಕೆ ಹೆಂಗ್ ಬರ್ಕೊಳ್ಳೋದು?"

"ಅವ್ನ ಬೆರಳು ನೋಡ್ಕೊಂಡು ಬರ್ಕೊಳಿ ಸಾ," ಎಂದ ಅತ್ತೆ ನನ್ನ ನೋಟ್‌ಬುಕ್ ತೆರೆಸಿದರು. ಮೇಲೆತ್ತಿದ ಕೈ, ಕೈಯಲ್ಲೊಂದು ಬೆಲ್ಟ್, ಅವಸರದಲ್ಲಿ ಚಿತ್ರ ಬರೆದೆ. ನಂಜೇಶ ಹಣೆಯ ರಕ್ತ ಒರೆಸಲೂ ಬಿಡದೆ ಅದನ್ನು ಕುಟ್ಟಿದ, ಬೆರಳನ್ನು ಸಿದ್ದರಾಜುವಿನತ್ತ ತಿರುಗಿಸಿದ. ನನಗೆ ಕಿರುಚುವಷ್ಟು ಖುಷಿ, ಅವನೇ ಹೇಳಿದ, ಅವನೇ!

"ಎಷ್ಟ್ ಸಲ ಹೊಡ್ದಿದ್ದಾನಪ್ಪ?" ಪೇದೆ ಕೇಳಿದರು.

ಬೆರಳು ಚಿತ್ರವನ್ನು ಕುಟ್ಟತೊಡಗಿತು. ಮೊದಮೊದಲು ಪೇದೆ ಗೆರೆ ಹಾಕಿಕೊಂಡರು. ಆಮೇಲೆ ಅವರ ಪೆನ್ನು ನಿಂತಿತು. ಬೆರಳು ನಿಲ್ಲಲಿಲ್ಲ, ಕಾಗದ ಹರಿಯುವವರೆಗೂ.