ಹಗ್ಗದ ಏಣಿಯ ಮದುಮಗ

ಹಡಗಿನ ಬಗ್ಗೆ ನನ್ನ ಮಾವನವರಿಗಿರುವ ಸಂಶಯಗಳನ್ನು ತೀರಿಸಲು ನನ್ನಿಂದ ಆಗಿಲ್ಲ, ಇನ್ನು ಆಗುವಂತೆಯೂ ಕಾಣುವುದಿಲ್ಲ. ತಪ್ಪು ಅವರದಲ್ಲ. ಮಗಳ ಮದುವೆಯ ಮುಹೂರ್ತ ಎರಡು ಸಲ ಮುಂದೆ ಹೋದದ್ದು ಹಡಗಿನ ದೆಸೆಯಿಂದಲೇ.

ನಾವು ಅಫಜಲಪುರದವರು, ಹುಡುಗಿ ಹಿರೋಳ್ಳಿಯವಳು. ರಜೆಯ ಕೊನೆಯ ವಾರ ಹೆಣ್ಣು ನೋಡಿದೆ, ಒಪ್ಪಿದೆ, ಹಡಗು ಹತ್ತಿದೆ. ಉಳಿದ ಮಾತುಕತೆಯನ್ನೆಲ್ಲ ಹಿರಿಯರು ಮುಗಿಸಿದರು. ಎರಡನೆಯ ಮುಹೂರ್ತವೂ ತಪ್ಪಿದಾಗ ಮಾವನವರು ವಾಟ್ಸಾಪಿನಲ್ಲಿ ಕರೆ ಮಾಡಿ, ಸಿಟ್ಟನ್ನು ಮರ್ಯಾದೆಯೊಳಗೆ ಸುತ್ತಿ ಕೇಳಿದರು.

"ಅಲ್ರೀ, ನಿಮ್ಮ ಹಡಗಿಗಿ ಎಲ್ಲೂ ಸ್ಟಾಪ್ ಇರಂಗಿಲ್ಲೇನ್ರಿ? ನಮ್ಮ ಆಳಂದ ಬಸ್ಸಿನವ ಸುದ್ದಾ ಕೈ ಮಾಡಿದ್ರ ನಿಲ್ಲಸ್ತಾನ."

ನಾನು ಹಡಗಿನ ಇಂಜಿನ್ ರೂಮಿನಲ್ಲಿ ಫಿಟ್ಟರ್. ಐಟಿಐ ಮುಗಿಸಿ ಭೂಸನೂರ ಕಡೆ ಕಬ್ಬು ನುರಿಸುವ ಹಂಗಾಮಿನಲ್ಲಿ ಬಾಯ್ಲರ್ ನೋಡಿಕೊಂಡಿದ್ದವನು, ಒಬ್ಬ ಏಜೆಂಟನ ಮೂಲಕ ಸಮುದ್ರಕ್ಕೆ ಬಂದೆ. ನಮ್ಮದು ಸರಕು ಹಡಗು. ಅದು ಇಂಡಿಯಾದ ಬಂದರಿನ ದಕ್ಕೆಗೆ ಬಂದು ನಿಲ್ಲುವುದೇ ಅಪರೂಪ. ಅಲ್ಲಿ ಇಳಿಸುವ, ಏರಿಸುವ ಸರಕು ಇಲ್ಲದಿದ್ದರೆ ಬಂದರಿನ ಹೊರಗೆ, ನಡುನೀರಿನಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಆಗ ದಡದಿಂದ ಲಾಂಚ್, ಅಂದರೆ ಸಣ್ಣ ಯಂತ್ರದ ದೋಣಿ, ಹೊಸಬರನ್ನು ಕರೆತಂದು ಹಳಬರನ್ನು ಒಯ್ಯುತ್ತದೆ. ಬದಲಿ ಮನುಷ್ಯ ಮೇಲೆ ಬರುವ ತನಕ ಹಳಬ ಕೆಳಗಿಳಿಯುವಂತಿಲ್ಲ. ಮದುಮಗನೇ ಆದರೂ ಅಷ್ಟೆ.

ಮೊದಲ ಸಲ ಹಡಗಿಗೆ ಬೇರೆ ದೇಶದ ಸರಕು ಸಿಕ್ಕಿತು, ಇಂಡಿಯಾ ಕಡೆ ತಿರುಗಲೇ ಇಲ್ಲ. ಎರಡನೆಯ ಸಲ ಕೊಚ್ಚಿಯ ಹೊರಗೆ ನಿಂತೆವು. ನಾನು ಸ್ನಾನ ಮಾಡಿ, ಬ್ಯಾಗು ಕಟ್ಟಿ, ಇಸ್ತ್ರಿ ಅಂಗಿ ಹಾಕಿಕೊಂಡು ಹಡಗಿನ ಅಂಚಿನ ಕಟಕಟೆಯ ಬಳಿ ನಿಂತಿದ್ದೆ. ಲಾಂಚ್ ಬಂತು. ಅಲೆಗಳು ಅದನ್ನು ಎತ್ತಿ ಎತ್ತಿ ಒಗೆಯುತ್ತಿದ್ದವು. ಎರಡು ಸಲ ಹಡಗಿನ ಮಗ್ಗುಲಿಗೆ ಬರಲು ನೋಡಿ, ಮೂರನೆಯ ಸಲ ಅದರ ಚಾಲಕ ಕೈಬೀಸಿ ತಿರುಗಿಸಿಕೊಂಡು ಹೋಗಿಬಿಟ್ಟ. ನನ್ನ ಬದಲಿಗೆ ಬರಬೇಕಾದವನು ಅದರಲ್ಲೇ ಕೂತು ವಾಪಸಾದ. ಮುಂದೆ ಅವನನ್ನು ಬೇರೆ ಹಡಗಿಗೆ ಕಳಿಸಿದರಂತೆ. ನಾನು ಇಸ್ತ್ರಿ ಅಂಗಿ ಬಿಚ್ಚಿ ಮತ್ತೆ ಇಂಜಿನ್ ರೂಮಿಗೆ ಇಳಿದೆ. ಸ್ಪ್ಯಾನರುಗಳ ಮೇಲೆ ಸಿಟ್ಟು ತೀರಿಸಿಕೊಂಡೆ.

ಹುಡುಗಿಗೆ ಫೋನ್ ಮಾಡಿದರೆ ಅವಳ ದನಿಯಲ್ಲಿ ಏನೂ ಏರುಪೇರಿಲ್ಲ.

"ನೀರಿನ ಮ್ಯಾಲಿನ ಮಾತು, ಯಾರೇನ್ ಮಾಡ್ಲಿಕ್ಕೆ ಆಗ್ತದ್ರಿ? ಬಂದಾಗ ಬರ್ರಿ. ಊಟ ಆಯ್ತೇನ್ರಿ?"

ನನಗೆ ರೇಗಿಹೋಯಿತು. ಇಲ್ಲಿ ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ, ಇವಳಿಗೆ ಊಟದ ಚಿಂತೆ. ಈಕೆಗೆ ನಾನಾದರೂ ಸರಿ, ಇನ್ನೊಬ್ಬನಾದರೂ ಸರಿ ಎಂದು ಮನಸ್ಸಿನಲ್ಲೇ ಮುನಿಸಿಕೊಂಡೆ. ಮೂರನೆಯ ಮುಹೂರ್ತ ಗೊತ್ತುಮಾಡಿದಾಗ ಮಾವನವರು ನೇರವಾಗಿ ಹೇಳಿದರು. "ಇದೂ ತಪ್ಪಿದ್ರ ನಾವು ಬ್ಯಾರೆ ಕಡೆ ನೋಡ್ತೇವ್ರಿ. ತಪ್ಪ ತಿಳಕೋಬ್ಯಾಡ್ರಿ. ಮಂದಿ ಕೇಳಾಕತ್ತಾರ." ಅವರು ಆಡಿದಂತೆ ಮಾಡುವವರು.

ಮದುವೆಗೆ ಆರು ದಿನ ಇದ್ದಾಗ ಹಡಗು ಮತ್ತೆ ಕೊಚ್ಚಿಯ ಹೊರಗೆ ನಿಂತಿತು. ಕ್ಯಾಪ್ಟನ್ ಒಂದು ತಾಸಿಗಿಂತ ಹೆಚ್ಚು ನಿಲ್ಲಲಾಗದು ಎಂದರು. ಬೆಳಿಗ್ಗೆ ಎಂಟರ ಬಿಸಿಲು, ಅಲೆ ಹೋದ ಸಲಕ್ಕಿಂತ ತುಸು ಕಡಿಮೆ. ಲಾಂಚ್ ಮಗ್ಗುಲಿಗೆ ಬಂತು. ನಾವು ಹಗ್ಗದ ಏಣಿ ಇಳಿಬಿಟ್ಟೆವು. ಕೆಳಗೆ ಲೈಫ್ ಜಾಕೆಟ್ ತೊಟ್ಟ ಒಬ್ಬರು ಎದ್ದು ನಿಂತು ಏಣಿಯನ್ನು ನೋಡಿದವರೇ ಮತ್ತೆ ಕೂತುಬಿಟ್ಟರು.

"ಯಪ್ಪಾ! ಇದೇನ್ ಏಣಿ ಅದನೋ, ಏನ್ ತೊಟ್ಟಿಲ ಹಗ್ಗ ಅದನೋ! ನಾ ಒಲ್ಲೆ!"

ಫೋನಿನಲ್ಲಲ್ಲದೆ, ಒಂಬತ್ತು ತಿಂಗಳ ಮೇಲೆ ನನ್ನ ಕಿವಿಗೆ ಬಿದ್ದ ನಮ್ಮ ಕಡೆಯ ಮೊದಲ ಮಾತು ಅದು, ಅದೂ ಸಮುದ್ರದಿಂದ. ನನ್ನ ನಂತರ ನಮ್ಮ ಜಿಲ್ಲೆಯ ನಾಲ್ಕೈದು ಜನರನ್ನು ಅದೇ ಏಜೆಂಟ್ ಕೆಲಸಕ್ಕೆ ಹಚ್ಚಿದ್ದ, ಇವರು ಅವರಲ್ಲೊಬ್ಬರು. ಕಟಕಟೆಯ ಮೇಲಿಂದ ಬಾಗಿ ಕೂಗಿದೆ.

"ಅಣ್ಣಾ, ಯಾವೂರ್ರಿ?"

ಅವರು ತಲೆಯೆತ್ತಿ ಕಣ್ಣರಳಿಸಿದರು. "ಜೇವರ್ಗಿ ಕಡೆ, ಇಜೇರಿರಿ! ಹಿಂದಿನ ಹಡಗ ದಕ್ಕೆಗೆ ಹಚ್ಚಿತ್ತು, ಮೆಟ್ಟಲ ಹತ್ತಿ ಹೋಗಿದ್ದೆ. ಇದ ನನ್ನ ಕೈಲೆ ಆಗಂಗಿಲ್ಲ ತಮ್ಮಾ!"

ನಮ್ಮ ಅಧಿಕಾರಿ ಇಂಗ್ಲಿಷಿನಲ್ಲಿ ಧೈರ್ಯ ಹೇಳಿದರು, ಲಾಂಚಿನವ ಮಲಯಾಳದಲ್ಲಿ ಬೈದ. ಎರಡೂ ಅವರ ತಲೆಗೆ ಹೋಗಲಿಲ್ಲ. ಆಗಲೇ ಇಪ್ಪತ್ತು ನಿಮಿಷ ಕಳೆದಿತ್ತು. ಅವರು ಹತ್ತದಿದ್ದರೆ ನನ್ನ ಮದುವೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಹೆದರಿದ ಮನುಷ್ಯನ ಮೇಲೆ ಕೂಗಾಡಿ ಪ್ರಯೋಜನವಿಲ್ಲ ಎಂಬಷ್ಟು ಬುದ್ಧಿ ಅಂದು ಹೇಗೋ ಇತ್ತು.

"ಅಣ್ಣಾ, ಪಂಚಮ್ಯಾಗ ಜೋಕಾಲಿ ಆಡೀರಿಲ್ಲೋ?"

"ಆಡ್ಲಾರ್ದ ಏನ್ರಿ? ಓಣಿ ಮಂದಿ ಎಲ್ಲಾ ಕೂಡೇ ಆಡ್ತಿದ್ವಿ!"

"ಜೀಕೋ ಜೋಕಾಲಿಗಿ ಯಾವಾಗ ಜಿಗೀತಿದ್ರಿ?"

"ಅದು ಮ್ಯಾಲ ಬಂದು ಒಂದ್ ಗಳಿಗಿ ನಿಂತಾಗ!"

"ಅಷ್ಟರಿ! ದೋಣಿ ಮ್ಯಾಲ ಬಂದು ನಿಂತಾಗ ಏಣಿ ಹಿಡೀರಿ. ಕೆಳಗ ನೋಡಬ್ಯಾಡ್ರಿ, ಕೈಯಾಗ ಏನೂ ಹಿಡ್ಕೋಬ್ಯಾಡ್ರಿ. ಬ್ಯಾಗ್ ನಾವು ಹಗ್ಗದಿಂದ ಜಗ್ಗತೇವಿ."

ಅವರು ಎದ್ದು ನಿಂತರು. ಒಂದು ಅಲೆಯನ್ನು ಬಿಟ್ಟರು, ಇನ್ನೊಂದನ್ನೂ ಬಿಟ್ಟರು. ಮೂರನೆಯದು ಲಾಂಚನ್ನು ಎತ್ತಿ ಹಿಡಿದಾಗ ಬಿಸ್ಮಿಲ್ಲಾ ಎಂದು ಏಣಿ ಹಿಡಿದು ಕಾಲಿಟ್ಟರು. ಆಮೇಲೆ ಅವರು ಹತ್ತಿದ ವೇಗಕ್ಕೆ ನಾವೇ ಹಿಂದೆ ಸರಿಯಬೇಕಾಯಿತು. ಡೆಕ್ಕಿನ ಮೇಲೆ ಕೂತು ಏದುಸಿರು ಬಿಡುತ್ತಲೇ ಕೇಳಿದರು, "ಲಗ್ನದ ಹುಡುಗ ನೀವಽ ಏನ್ರಿ?"

ಅವರ ಮೂರು ತಿಂಗಳ ರಜೆಯಲ್ಲಿ ಅರ್ಧವೇ ಮುಗಿದಿತ್ತಂತೆ. ಲಗ್ನದವನೊಬ್ಬ ಸಿಕ್ಕಿಬಿದ್ದಿದ್ದಾನೆ ಎಂದು ಏಜೆಂಟ್ ಅಂಗಲಾಚಿದ್ದಕ್ಕೆ ಹೊರಟು ಬಂದಿದ್ದರು. "ನಮ್ಮಾಕಿ ಎರಡ ದಿನಾ ಮಾತಾಡ್ಲಿಲ್ರಿ," ಎಂದು ನಕ್ಕರು. ನಾನು ಅವಸರದಲ್ಲಿದ್ದೆ. ಯಾವ ಪಂಪು ಸೋರುತ್ತದೆ, ಯಾವ ವಾಲ್ವು ಹಟ ಮಾಡುತ್ತದೆ ಎಂದು ಹತ್ತು ನಿಮಿಷದಲ್ಲಿ ಹೇಳಿ, ಕೈ ಕುಲುಕಿ ಏಣಿಗೆ ಇಳಿದೆ.

ಇಳಿಯುವಾಗ ಬೆನ್ನು ಸಮುದ್ರದ ಕಡೆ. ದೋಣಿ ಕಾಣುವುದಿಲ್ಲ, ಕೆಳಗಿನವರು ಹೇಳಿದಾಗ ಕೈ ಬಿಡಬೇಕು. ಅವರು "ಈಗ!" ಎಂದರು, ನನ್ನ ಕೈ ಬಿಡಲೊಲ್ಲದು. ಮತ್ತೆ "ಈಗ!" ಎಂದರು, ಮತ್ತೂ ಬಿಡಲೊಲ್ಲದು. ಜಗತ್ತಿಗೆ ಜೋಕಾಲಿಯ ಪಾಠ ಹೇಳಿದವನು ಅಲ್ಲೇ ಹಲ್ಲಿಯಂತೆ ಅಂಟಿಕೊಂಡಿದ್ದೆ. ಮೇಲಿಂದ ಇಜೇರಿಯವರ ದನಿ ಬಂತು.

"ಮದುಮಗಾ! ಹಿರಿಯಾರು ದಾರಿ ನೋಡಾಕತ್ತಾರ, ಬಿಡ್ರಿ ಕೈ!"

ಬಿಟ್ಟೆ. ಲಾಂಚಿನವರ ತೋಳಿಗೆ ಬಿದ್ದು, ನಗುತ್ತ ನಗುತ್ತ ದಡ ಸೇರಿದೆ.

ಊರಿಗೆ ಮುಟ್ಟಿದಾಗ ಮದುವೆಗೆ ಮೂರು ದಿನ ಉಳಿದಿತ್ತು. ಮದುವೆ ಚೆನ್ನಾಗಿ ಆಯಿತು. ಮಾವನವರು ಬಂದವರಿಗೆಲ್ಲ "ನಮ್ಮ ಅಳಿಯಾ ಸಮುದ್ರದಾಗ ಜಿಗದು ಬಂದಾರ" ಎಂದು ಹೇಳುತ್ತ ತಿರುಗಿದರು. ನಾನು ತಿದ್ದಲು ಹೋಗಲಿಲ್ಲ. ರಜೆಯನ್ನು ಏಳು ತಿಂಗಳಿಗೆ ಉದ್ದ ಮಾಡಿಸಿಕೊಂಡೆ. ಅಷ್ಟು ಸುಖದ ದಿನಗಳನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಎಳ್ಳಮಾವಾಸ್ಯೆಗೆ ಹತ್ತು ದಿನ ಇತ್ತು. ಮದುವೆಯಾದ ಮೊದಲ ವರ್ಷ. ಹೊಲದಲ್ಲಿ ಎಲ್ಲರೂ ಕೂಡಿ ಊಟ ಮಾಡುವುದೆಂದು, ಯಾರನ್ನು ಕರೆಯುವುದೆಂದು ಮನೆಯಲ್ಲಿ ದಿನವೂ ಮಾತು. ಆಗ ಏಜೆಂಟನ ಫೋನ್ ಬಂತು. ಇಜೇರಿಯವರ ಆರು ತಿಂಗಳ ಕರಾರು ಮುಗಿದಿತ್ತು, ಬದಲಿಗೆ ಹೋಗಬೇಕಾದವನು ವೈದ್ಯಕೀಯ ಪರೀಕ್ಷೆಯಲ್ಲಿ ಪಾಸಾಗಿರಲಿಲ್ಲ. ಈ ವಾರವೇ ಹೊರಡಲು ಆಗುತ್ತದೆಯೇ ಎಂದು ಕೇಳಿದ. ನನ್ನ ರಜೆ ಇನ್ನೂ ಒಂದು ತಿಂಗಳು ಇತ್ತು. ಆಗುವುದಿಲ್ಲ, ಹಬ್ಬ ಇದೆ ಎಂದು ಖಡಕ್ಕಾಗಿ ಹೇಳಿ ಫೋನ್ ಇಟ್ಟೆ.

ಹೆಂಡತಿ ಮೊರದಲ್ಲಿ ಎಳ್ಳು ಹಸನು ಮಾಡುತ್ತಿದ್ದಳು. "ಯಾರ ಬದಲಿಗಿ ಕರದ್ರಿ?" ಎಂದಳು. ಹೇಳಿದೆ. ಅವಳ ಕೈ ನಿಂತಿತು.

"ಹೋಗ್ರಿ. ಆ ಮನ್ಯಾಗ ಆಕಿ ದಿನಾ ಎಣಸಾಕತ್ತಿರ್ತಾಳ."

"ನಿನಗ ಹ್ಯಾಂಗ ಗೊತ್ತು?"

"ನಾ ಎಣಸೇನಿ," ಎಂದಳು, ಮೊರದಿಂದ ಕಣ್ಣೆತ್ತದೆ. "ಇನ್ನೂರಾ ಎಂಬತ್ತೊಂದ ದಿನಾ. ನಿಮ್ಮ ಮುಂದ ಹೇಳಿದ್ರ ನೀವು ಆ ನೀರಾಗ ಹ್ಯಾಂಗ ಇರ್ತಿದ್ರಿ? ಅದಕ್ಕ ಊಟ ಆಯ್ತೇನು ಅಂತ ಕೇಳ್ತಿದ್ದೆ."

ಅಂಗಳಕ್ಕೆ ಹೋಗಿ ಏಜೆಂಟನಿಗೆ ಫೋನ್ ಮಾಡಿದೆ, ಆಗಲೇ ಹೇಳಿದ್ದು ಬಿಟ್ಟುಬಿಡಿ, ಬರುತ್ತೇನೆ ಎಂದೆ.